ನಮ್ಮ ಮನೆಯ ಟಿವಿ ಅಕ್ಕನ ಮನೆಯಲ್ಲಿ ಬಂದದ್ದು

ಅಕ್ಕ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡವಳು ಈಗ ಬೆಳ್ತಂಗಡಿಯ ಆಚೆ ತನ್ನ ಮಗಳ ಮನೆಯಲ್ಲಿದ್ದಾಳೆ. ನಾನಿರುವುದು ಬಂಟ್ವಾಳದಲ್ಲಿ. ಆಪರೇಶನ್ ಆಯಿತು, ಸ್ಟೀಲಿನ ತುಂಡು ಹಾಕಿದರು, ವಾಕರ್ ಹಿಡಿದು ಕಕ್ಕಸಿಗೆ ಹೋಗುವಷ್ಟಾಯಿತು. ಬಸ್ಸು ಹತ್ತುವಷ್ಟು ಆಗಲಿಲ್ಲ, ಇನ್ನು ಆಗುವುದೂ ಇಲ್ಲ. ಅವಳಿಗೆ ಎಪ್ಪತ್ತೆಂಟು, ನನಗೆ ಎಪ್ಪತ್ತೆರಡು. ನಾವು ಮಾತಾಡುವುದು ತುಳುವಿನಲ್ಲಿ. ನಾಲ್ಕನೇ ಕ್ಲಾಸಿನವರೆಗೆ ನಾನು ಕಲಿತದ್ದು ಕನ್ನಡ, ಹಾಗಾಗಿ ಬರೆಯುವುದು ಕನ್ನಡದಲ್ಲಿ.

ಅಕ್ಕನ ಮಗಳು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾಳೆ. ತಾಳಮದ್ದಳೆ ಎಂದರೆ ಬಣ್ಣ, ಕಿರೀಟ, ಕುಣಿತ ಒಂದೂ ಇಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಚೆಂಡೆ ಮದ್ದಳೆ ಬಾರಿಸುತ್ತಾರೆ, ಅರ್ಥ ಹೇಳುವವರು ಸಾದಾ ಬಟ್ಟೆಯಲ್ಲಿ ಕೂತು, ಒಬ್ಬರು ರಾಜ ಒಬ್ಬರು ಮಂತ್ರಿ ಎಂದು ಬರೇ ಮಾತಿನಲ್ಲೇ ಜಗಳ ಆಡುತ್ತಾರೆ. ಮೊದಲು ಅದು ಗಂಡಸರದ್ದೇ ಆಗಿತ್ತು. ಹದಿನೈದು ವರ್ಷದ ಹಿಂದೆ ಇವಳು, ಒಬ್ಬರು ಅಂಗನವಾಡಿ ಟೀಚರು, ಇನ್ನು ನಾಲ್ಕೈದು ಹೆಂಗಸರು ಸೇರಿ ತಮ್ಮದೇ ಒಂದು ತಂಡ ಮಾಡಿದರು. ಅಕ್ಕ ಆವತ್ತು ಹಾಕಿದ ಬೊಬ್ಬೆ ನನಗೆ ನೆನಪುಂಟು. ಸಂಸಾರದ ಹೆಂಗಸು ಸಭೆಯಲ್ಲಿ ಕೂತು ಗಂಡಸರ ಹಾಗೆ ಮಾತಾಡುವುದಾ, ನಾನು ಸತ್ತರೂ ಅಲ್ಲಿಗೆ ಬರುವುದಿಲ್ಲ ಎಂದಳು. ಮಗಳು ಬಾ ಎಂದು ಎರಡು ಸಲ ಕರೆದಳು. ಮೂರನೆಯ ಸಲ ಕರೆಯಲಿಲ್ಲ. ಆಮೇಲೆ ಇಬ್ಬರೂ ಆ ಸುದ್ದಿ ಎತ್ತಿದ್ದೇ ಇಲ್ಲ. ಕೋಳಿ ಕೊಯ್ದರೆ ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣದ ತಾಯಿ ಮಗಳು, ಈ ಒಂದು ವಿಷಯಕ್ಕೆ ಮಾತ್ರ ಬಾಯಿಗೆ ಬೀಗ.

ಈಗ ಮಗಳ ಮನೆಯಲ್ಲೇ ಮಲಗಿದ್ದಾಳಲ್ಲ. ಬೆಳಿಗ್ಗೆ ಮಗಳು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಗೋಡೆಗೆ ಅರ್ಥ ಹೇಳಿ ಅಭ್ಯಾಸ ಮಾಡುವುದು ಮಂಚದವರೆಗೆ ಅರ್ಧಂಬರ್ಧ ಕೇಳುತ್ತದೆ. ಗ್ರೈಂಡರ್ ತಿರುಗಿದರೆ ಅದೂ ಇಲ್ಲ. ಒಂದು ದಿನ ಅಕ್ಕ ನನಗೆ ಫೋನು ಮಾಡಿದಳು.

"ಬರುವ ತಿಂಗಳು ಮೂಡುಬಿದಿರೆಯಲ್ಲಿ ಇವಳದ್ದು ಉಂಟಂತೆ. ಆದಿತ್ಯವಾರ, ಮಧ್ಯಾಹ್ನ ಮೂರಕ್ಕೆ. ರಾಣಿಯ ಪಾತ್ರ."

"ಉಂಟಾದರೆ ನಿನಗೆಂತ?"

"ನನಗೆಂತ ಇಲ್ಲ." ಆದರೆ ಫೋನು ಇಡಲಿಲ್ಲ. "ಒಮ್ಮೆ ನೋಡ್ಬೇಕಿತ್ತು ಮಾರಾಯ್ತಿ."

"ಹಾಗಾದರೆ ಮಗಳ ಹತ್ರ ಹೇಳು. ಕಾರು ಮಾಡಿ ಕರ್ಕೊಂಡು ಹೋಗ್ತಾಳೆ."

"ಕಾರಿನಲ್ಲಿ ಕೂತ್ಕೊಳ್ಳಿಕ್ಕೆ ಆಗುದಿಲ್ಲ ನನಗೆ. ಮತ್ತೆ ನೀನು ಅವಳಿಗೆ ಹೇಳ್ಲಿಕ್ಕೆ ಹೋಗ್ಬೇಡ. ಗೊತ್ತಾದ್ರೆ ನಾನು ಸೋತ ಹಾಗೆ."

"ಸೋಲು. ಗೆಲ್ಲಲಿಕ್ಕೆ ನಿನಗೆ ಇನ್ನೆಷ್ಟು ವರ್ಷ ಉಂಟು?"

"ನಿನ್ನ ನಾಲಿಗೆಗೆ ಹುಳ ಬೀಳ್ಲಿ" ಎಂದು ಫೋನು ಇಟ್ಟಳು.

ನಾನು ಬೀಡಿ ಕಟ್ಟುತ್ತಾ ಇದನ್ನು ಸೊಸೆಗೆ ಹೇಳಿದೆ. ನಗಲಿಕ್ಕೆಂದು ಹೇಳಿದ್ದು. ಅವಳು ನಗಲಿಲ್ಲ.

ಸೊಸೆಯ ಬಗ್ಗೆ ಸ್ವಲ್ಪ ಬರೆಯಬೇಕು. ನನ್ನ ಮಗ ಗಲ್ಫಿನಲ್ಲಿ ಕ್ರೇನು ಓಡಿಸುತ್ತಾನೆ. ಇಲ್ಲಿ ಮನೆಯಲ್ಲಿ ನಾನು ಮತ್ತು ಅವಳು. ಅವಳು ಬಿ.ಸಿ. ರೋಡಿನ ಒಂದು ಸೈಬರ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಅದು ಮುಚ್ಚಿದಾಗ ಅಲ್ಲಿಯ ಒಂದು ಹಳೆಯ ಕಂಪ್ಯೂಟರನ್ನು ಮನೆಗೆ ತಂದು ಟಿವಿಯ ಪಕ್ಕದಲ್ಲಿ ಇಟ್ಟಳು. ಇದು ಮೀಡಿಯಾ ಸರ್ವರು ಮಾಮಿ ಎಂದಳು. ಮದುವೆಯ ವಿಡಿಯೋ, ಹಳೆಯ ಸಿನಿಮಾ, ಭಜನೆ, ಎಲ್ಲ ಅದರ ಹೊಟ್ಟೆಯಲ್ಲಿ. ಮನೆಯ ಟಿವಿಯಲ್ಲೂ ನೋಡಬಹುದು, ಫೋನಿನಲ್ಲೂ ನೋಡಬಹುದು, ಮಗ ಅಲ್ಲಿಂದಲೂ ನೋಡುತ್ತಾನೆ. ನಾನು ಅದಕ್ಕೆ ಕರೆಂಟು ತಿನ್ನುವ ಪೆಟ್ಟಿಗೆ ಎಂದು ಹೆಸರಿಟ್ಟಿದ್ದೆ. ಹಗಲೂ ರಾತ್ರಿ ಗುಂಯ್ ಎನ್ನುತ್ತದೆ. ಅಡುಗೆಗೆ ಇಷ್ಟು ಮಂಡೆ ಖರ್ಚು ಮಾಡಿದ್ದರೆ ಸಾರಿಗೆ ಸರಿಯಾಗಿ ಉಪ್ಪಾದರೂ ಬೀಳುತ್ತಿತ್ತು ಎಂದು ಎರಡು ಮೂರು ಸಲ ಹೇಳಿದ್ದೂ ಉಂಟು.

"ಮಾಮಿ, ಆ ತಾಳಮದ್ದಳೆ ನಮ್ಮ ಕೇಬಲ್‌ನಲ್ಲಿ ಬರ್ತದಾ?" ಎಂದು ಕೇಳಿದಳು.

ಬರುತ್ತದೆ. ನಮ್ಮ ಕೇಬಲಿನವರದ್ದೇ ಒಂದು ಚಾನೆಲ್ ಉಂಟು. ಮೂಡುಬಿದಿರೆಯ, ಬಂಟ್ವಾಳದ ಕಾರ್ಯಕ್ರಮಗಳನ್ನು ಅದರಲ್ಲಿ ನೇರ ತೋರಿಸುತ್ತಾರೆ. ಆದರೆ ಅಕ್ಕನ ಮಗಳ ಮನೆ ಗುಡ್ಡದ ಬದಿ. ಕೇಬಲ್ ಅಲ್ಲಿಗೆ ಹೋಗಿಲ್ಲ. ಅವರ ಡಿಶ್‌ನಲ್ಲಿ ಈ ಚಾನೆಲ್ ಇಲ್ಲ. ಇಂಟರ್ನೆಟ್ಟಿನ ವಯರು ಮಾತ್ರ ಹೋದ ವರ್ಷ ಬಂದಿದೆ.

"ಸಾಕು" ಎಂದಳು ಸೊಸೆ. "ನಮ್ಮ ಕೇಬಲನ್ನು ಸರ್ವರಿಗೆ ಕೊಡುವ. ಸರ್ವರಿನಿಂದ ಅಲ್ಲಿಗೆ ಕಳಿಸುವ."

ರೆಕಾರ್ಡ್ ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟರೆ ಆಗುವುದಿಲ್ಲವಾ ಎಂದು ಅಕ್ಕನನ್ನು ಕೇಳಿದೆ. ಅದು ಒಣಮೀನು ಎಂದಳು. "ಅಲ್ಲಿ ಕೂತವರು ಕೇಳುವಾಗಲೇ ನಾನೂ ಕೇಳ್ಬೇಕು. ಆಗಿ ಹೋದದ್ದನ್ನು ಕೇಳುದೆಂತಕ್ಕೆ?" ಸಭೆಯಲ್ಲಿ ಕೂತ ಯಾರಾದರೂ ಫೋನಿನಲ್ಲಿ ತೋರಿಸುವುದನ್ನು ನಾನೇ ಬೇಡವೆಂದೆ. ಒಂದು ಮದುವೆಯನ್ನು ಹಾಗೆ ನೋಡಿದ್ದೇನೆ. ಫ್ಯಾನು ಕಂಡಿತು, ಯಾರದ್ದೋ ಮಲ್ಲಿಗೆಯ ಜಡೆ ಕಂಡಿತು, ಮದುಮಗಳು ಕಾಣಲಿಲ್ಲ.

ಸೊಸೆ ಶುರು ಮಾಡಿದಳು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದೊಂದು ಕಪ್ಪು ಡಬ್ಬಿ ತರಿಸಿದಳು. ಕೇಬಲಿನ ಸೆಟ್‌ಟಾಪ್ ಬಾಕ್ಸಿನಿಂದ ಬರುವ ಚಿತ್ರ ಆ ಡಬ್ಬಿಯ ಒಳಗೆ ಹೊಕ್ಕು, ಒಂದು ಕಡೆಯಿಂದ ಟಿವಿಗೆ, ಇನ್ನೊಂದು ಕಡೆಯಿಂದ ಕಂಪ್ಯೂಟರಿಗೆ ಹೋಗುತ್ತದೆ. ಕೇಳಲಿಕ್ಕೆ ಸುಲಭ. ಮೊದಲ ಎರಡು ದಿನ ಕಂಪ್ಯೂಟರಿನಲ್ಲಿ ಚಿತ್ರ ಬಂದರೆ ಸ್ವರ ಇಲ್ಲ, ಸ್ವರ ಬಂದರೆ ಚಿತ್ರ ಇಲ್ಲ. ಆಮೇಲೆ ಎರಡೂ ಬಂತು. ಆಮೇಲೆ ಪಟ್ಟಿ ತಪ್ಪಿತು. ಯಾವ ಚಾನೆಲಿನಲ್ಲಿ ಯಾವ ಹೊತ್ತಿಗೆ ಎಂತ ಬರುತ್ತದೆ ಎಂದು ತೋರಿಸುವ ಒಂದು ಪಟ್ಟಿಯನ್ನು ಅವಳು ಇಂಟರ್ನೆಟ್ಟಿನಿಂದ ತಂದು ಅದಕ್ಕೆ ಹಾಕಿದ್ದಳು. ಸರಿ ಬಂತಾ ನೋಡಿ ಮಾಮಿ ಎಂದು ತೋರಿಸಿದಳು. ನಾನು ಕನ್ನಡಕ ಹಾಕಿ ನೋಡಿದೆ.

"ಇದು ಪೂರಾ ತಪ್ಪು. ನನ್ನ ಆರೂವರೆಯ ಧಾರಾವಾಹಿ ಇದರಲ್ಲಿ ಮಧ್ಯಾಹ್ನ ಒಂದಕ್ಕೆ ಉಂಟು. ಏಳರದ್ದು ಒಂದೂವರೆಗೆ."

ಅವಳು ಟಿವಿ ನೋಡುವವಳಲ್ಲ, ಅವಳಿಗೆ ಗೊತ್ತಾಗಿರಲಿಲ್ಲ. ಬೆರಳಿನಲ್ಲಿ ಲೆಕ್ಕ ಹಾಕಿದಳು. ಎಲ್ಲವೂ ಐದೂವರೆ ಗಂಟೆ ಹಿಂದೆ.

"ಅಯ್ಯೋ ಮಾಮಿ, ಇದು ಲಂಡನ್ನಿನ ಗಂಟೆ!"

"ಲಂಡನ್ನಿನವರು ನನ್ನ ಧಾರಾವಾಹಿ ನೋಡ್ತಾರಾ?"

ಅಂದಿನಿಂದ ಏನು ಮಾಡಿದರೂ ನನಗೆ ತೋರಿಸಲಿಕ್ಕೆ ಶುರು ಮಾಡಿದಳು. ನನಗೂ ಅದರ ಮೇಲಿನ ಸಿಟ್ಟು ಇಳಿಯಿತು. ಹದಿಮೂರನೇ ವರ್ಷದಿಂದ ಬೀಡಿ ಕಟ್ಟಿದ ಕೈ ನನ್ನದು, ಕಣ್ಣು ಎಲೆ ಹೊಗೆಸೊಪ್ಪು ಇಟ್ಟ ಗೆರಸೆಯಲ್ಲಿ, ಕಿವಿ ಟಿವಿಯಲ್ಲಿ. ಯಾವ ಚಾನೆಲಿಗೆ ಯಾವ ನಂಬ್ರ ಎಂದು ಪೂರಾ ಬಾಯಿಪಾಠ. ಅದು ಒಂದು ದಿನ ಕಂಪ್ಯೂಟರಿಗೆ ಬೇಕಾದೀತು ಎಂದು ನಾನು ಎಣಿಸಿರಲಿಲ್ಲ.

ಹೊರಗೆ ಹೋಗಿ ನೋಡಿದರೆ ಬರುತ್ತದಾ ಎಂದು ತಿಳಿಯಲಿಕ್ಕೆ ಅವಳು ಶಿರ್ತಾಡಿಯ ತನ್ನ ತಾಯಿಮನೆಗೆ ಹೋದಳು. ಅಲ್ಲಿಂದ ಫೋನು ಮಾಡಿದಳು.

"ಮಾಮಿ, ಈಗ ಚಾನೆಲ್ ಬದಲಿಸಿ."

ಬದಲಿಸಿದೆ. ಅಡುಗೆಯ ಕಾರ್ಯಕ್ರಮ.

"ಬಂತು! ಇಲ್ಲಿ ನನ್ನ ಅಮ್ಮನ ಟಿವಿಯಲ್ಲಿ ಬಂತು! ಅಡುಗೆಯವರು ಮೆಂತೆ ಹುರೀತಾ ಇದ್ದಾರೆ ಅಲ್ವಾ?"

"ಹುರಿದು ಆಯ್ತು. ಈಗ ರುಬ್ತಾ ಇದ್ದಾರೆ."

ಅಲ್ಲಿಗೆ ಮುಟ್ಟುವಾಗ ಸ್ವಲ್ಪ ತಡವಾಗುತ್ತದೆ. ಒಂದು ಬೀಡಿ ಸುತ್ತಿ ನೂಲು ಕಟ್ಟುವಷ್ಟು. ಆಮೇಲೆ ಅವಳ ತಾಯಿಮನೆಯ ಚಿತ್ರ ನಿಂತು ಚಕ್ರ ತಿರುಗಲಿಕ್ಕೆ ಶುರುವಾಯಿತು. ಚಿತ್ರ ದಪ್ಪವಾಯಿತು, ಇಂಟರ್ನೆಟ್ಟಿನ ದಾರಿ ಸಪೂರ ಉಂಟು ಎಂದಳು. ಬಂದು ಚಿತ್ರವನ್ನು ತೆಳು ಮಾಡಿದಳು. ನಮ್ಮ ಸೆಟ್‌ಟಾಪ್ ಬಾಕ್ಸಿನಲ್ಲಿ ಯಾವ ಚಾನೆಲ್ ಇಟ್ಟಿರುತ್ತೇವೋ ಅಲ್ಲಿಗೂ ಅದೇ ಹೋಗುವುದು, ಬೇರೆ ಹೋಗುವುದಿಲ್ಲ.

ಆ ಆದಿತ್ಯವಾರ ಅಕ್ಕನ ಮಗಳು ಹನ್ನೊಂದಕ್ಕೇ ಮೂಡುಬಿದಿರೆಗೆ ಹೋದಳು. ಅಕ್ಕನ ಹತ್ತಿರ ಯಾರಾದರೂ ಬೇಕಲ್ಲ, ನನ್ನ ಸೊಸೆ ಕೂತುಕೊಳ್ಳುತ್ತಾಳೆ ಎಂದು ನಾನೇ ಹೇಳಿದ್ದೆ. ಮಗಳಿಗೆ ಸಂಶಯ ಬರಲಿಲ್ಲ. ಸೊಸೆ, ನಮ್ಮ ಸರ್ವರಿನ ಚಿತ್ರವನ್ನು ಇಂಟರ್ನೆಟ್ಟಿನಿಂದ ಹಿಡಿಯುವ ಬೆರಳುದ್ದದ ಒಂದು ಕಡ್ಡಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಅಲ್ಲಿಯ ಟಿವಿಯ ಹಿಂದೆ ಚುಚ್ಚಿದಳು. ಹೊರಡುವಾಗ ನನಗೆ ಹೇಳಿದ್ದು ಇಷ್ಟೇ: "ಚಾನೆಲ್ ಇಟ್ಟಿದ್ದೇನೆ. ಸಂಜೆಯವರೆಗೆ ಯಾವುದನ್ನೂ ಮುಟ್ಬೇಡಿ ಮಾಮಿ."

"ನನಗೆ ಬೇರೆ ಕೆಲಸ ಇಲ್ವಾ?" ಎಂದೆ.

ಮೂರಕ್ಕೆ ಶುರುವಾಯಿತು. ನಾನು ಇಲ್ಲಿ ಗೆರಸೆ ಇಟ್ಟುಕೊಂಡು ಕೂತೆ, ಅಕ್ಕ ಅಲ್ಲಿ ಮೂರು ದಿಂಬು ಇಟ್ಟುಕೊಂಡು ಕೂತಳು. ನಡುವೆ ಫೋನು. ವೇದಿಕೆಯಲ್ಲಿ ಅಂಗನವಾಡಿ ಟೀಚರು ರಾಜ. ತಪ್ಪು ಮಾಡಿದ ರಾಜನನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ ಕೇಳುವ ರಾಣಿ ನಮ್ಮವಳು. ಟೀಚರು ಜೋರು, ನಾನು ನಕ್ಕುಬಿಟ್ಟೆ.

"ಏ, ನೀನು ಮೊದಲೇ ನಗ್ಬೇಡ!" ಎಂದಳು ಅಕ್ಕ ಫೋನಿನಲ್ಲಿ. "ನನಗೆ ಇನ್ನೂ ಬರ್ಲಿಲ್ಲ." ಒಂದು ಬೀಡಿಯಷ್ಟು ಹೊತ್ತು ಕಳೆದು ಅವಳ ನಗು ಕೇಳಿತು.

ಆಮೇಲೆ ಭಾಗವತರು ರಾಣಿಯ ಪದ ಎತ್ತಿದರು. ಅಕ್ಕ ಫೋನು ಇಡು ಎಂದಳು. ಇಟ್ಟೆ.

ನಮ್ಮವಳು ಮೈಕು ಹತ್ತಿರ ಎಳೆದುಕೊಂಡಳು. ಮೊದಲ ಮಾತು ಮೆಲ್ಲ. ನಾನೂ ಅವಳನ್ನು ವೇದಿಕೆಯಲ್ಲಿ ಕಂಡದ್ದು ಅದೇ ಮೊದಲು; ಅಕ್ಕನಿಗೆ ಹೆದರಿ ನಾನೂ ಹೋಗಿರಲಿಲ್ಲ. ಇಷ್ಟು ಚಂದ ಮಾತಾಡುವ ಬಾಯಿ ನಮ್ಮ ಪೈಕಿಯದ್ದಾ ಎಂದು ಆಶ್ಚರ್ಯ. ಅವಳು ರಾಜನನ್ನು ಒಂದು ಪ್ರಶ್ನೆ ಕೇಳಿದಳು, ರಾಜ ತಡವರಿಸಿದ, ಅವಳು ಎರಡನೆಯದಕ್ಕೆ ಬಾಯಿ ತೆಗೆದಳು.

ಆಗ ಪೊಳಲಿಯ ಕಡೆಯಿಂದ ಗುಡುಗು ಬಂತು.

ಮೇ ತಿಂಗಳಲ್ಲಿ ಗುಡುಗು ಕೇಳಿದರೆ ನಮ್ಮೂರಿನವರು ಮೊದಲು ಮಾಡುವ ಕೆಲಸ ಟಿವಿಯ ವಯರು ಕೀಳುವುದು. ಬಟ್ಟೆ ಒಳಗೆ ತರುವುದು ಆಮೇಲೆ. ಪಕ್ಕದ ಮನೆಗೆ ಒಮ್ಮೆ ಸಿಡಿಲು ಕೇಬಲಿನ ವಯರಿನಲ್ಲೇ ಇಳಿದು ಬಂದು ಟಿವಿ ಸುಟ್ಟು, ಗೋಡೆಯ ಸಾರಣೆ ಹಾರಿತ್ತು. ಅಂದಿನಿಂದ ನನ್ನ ಕೈಗೆ ಯಾರೂ ಹೇಳಬೇಕಾಗಿಲ್ಲ. ಗೆರಸೆ ಕೆಳಗಿಟ್ಟೆ, ಎದ್ದೆ, ಟಿವಿಯ ಪ್ಲಗ್ಗು ಕಿತ್ತೆ, ಸೆಟ್‌ಟಾಪಿನದ್ದು ಕಿತ್ತೆ, ಕೇಬಲಿನ ಪಿನ್ನು ಎಳೆದೆ, ಕಂಪ್ಯೂಟರಿನದ್ದೂ ಕಿತ್ತೆ. ಬಂದು ಕೂತು ಒಂದು ಎಲೆ ಕೈಗೆ ತೆಗೆದುಕೊಂಡೆ. ಗುಂಯ್ ಎನ್ನುವ ಶಬ್ದ ನಿಂತದ್ದು ಆಗ ಗೊತ್ತಾಯಿತು.

ಫೋನು ಬಡಿಯಿತು.

"ನನ್ನ ಮಗಳೆಲ್ಲಿ?" ಅಕ್ಕ.

"ಗುಡುಗು ಬಂತು. ತೆಗೆದೆ."

"ಎಂತ ಗುಡುಗು? ಇಲ್ಲಿ ಬಿಸಿಲು ಕಾಯ್ತಾ ಉಂಟು! ಹಾಕು!"

"ಮಿಂಚು ಬರ್ತಾ ಉಂಟು ಇಲ್ಲಿ."

"ಬರ್ಲಿ! ಹದಿನೈದು ವರ್ಷ ಆದ ಮೇಲೆ ಒಂದು ದಿನ ನೋಡುವ ಅಂತ ಕೂತ್ರೆ, ಬಾಯಿ ತೆರೆದ ಹಾಗೇ ನಿಲ್ಲಿಸಿದ್ಯಲ್ಲ ಅವಳನ್ನು, ನಿನಗೆ ಒಳ್ಳೇದಾಗ್ತದಾ?"

ಫೋನು ಸೊಸೆಯ ಕೈಗೆ ಹೋಯಿತು. "ಮಾಮಿ, ಮಿಂಚು ಇರುವಾಗ ಹತ್ರ ಹೋಗ್ಬೇಡಿ. ಸರ್ವರು ಹೋದ್ರೆ ಹೋಗ್ಲಿ, ನೀವು ಮುಟ್ಬೇಡಿ."

ಹಿಂದಿನಿಂದ ಅಕ್ಕ: "ಅವಳಿಗೆ ಎಂತ ಆಗುದಿಲ್ಲ, ಹಾಕ್ಲಿಕ್ಕೆ ಹೇಳು!"

ನಾನು ಹಾಕಲಿಲ್ಲ. ಹೆದರಿಕೆ ಆಯಿತು, ಅದನ್ನು ಮುಚ್ಚಿಡುವುದೆಂತಕ್ಕೆ. ಕಿಟಕಿಯ ಹತ್ತಿರ ನಿಂತು ನೋಡಿದೆ. ಮಿಂಚಿದ ತಕ್ಷಣ ಗುಡುಗುತ್ತಿತ್ತು, ಅಂದರೆ ನಮ್ಮ ತಲೆಯ ಮೇಲೇ. ಮಳೆ ನಾಲ್ಕು ಹನಿ ಬಿದ್ದು ನಿಂತಿತು. ಬೀಡಿ ಕಟ್ಟುವ ಎಂದರೆ ಎಲೆ ಹರಿಯಿತು. ಮೂಡುಬಿದಿರೆಯಲ್ಲಿ ನಮ್ಮವಳು ಹೇಳುತ್ತಿದ್ದಾಳೆ, ಅಷ್ಟು ಜನ ಕೇಳುತ್ತಿದ್ದಾರೆ, ಕೇಳಬೇಕಾದ ಒಬ್ಬಳು ಕರಿ ಪರದೆ ನೋಡುತ್ತಾ ಕೂತಿದ್ದಾಳೆ. ನನ್ನ ಕೈಯಿಂದ. ಬೇರೆ ಯಾರಾದರೂ ಮಾಡಿದ್ದರೆ ನಾನು ಬೈದು ಹಗುರಾಗುತ್ತಿದ್ದೆ.

ಗುಡುಗು ನದಿಯ ಆಚೆಗೆ ದಾಟಿ ಮಿಂಚಿಗೂ ಅದಕ್ಕೂ ಅಂತರ ಬರುವಾಗ ಇಪ್ಪತ್ತೈದು ನಿಮಿಷ ಹೋಗಿತ್ತು. ರಬ್ಬರ್ ಚಪ್ಪಲಿ ಹಾಕಿಕೊಂಡು, ಮಣೆಯ ಮೇಲೆ ನಿಂತು, ಸೊಸೆಗೆ ಫೋನು ಮಾಡಿದೆ.

"ಮೊದಲು ಕೇಬಲಿನ ಪಿನ್ನು. ಮತ್ತೆ ಸೆಟ್‌ಟಾಪ್. ಹಾಕಿದ್ರಾ?"

"ಹಾಕಿದೆ."

"ಟಿವಿ ಹಾಕಿ. ಎಂತ ಬರ್ತಾ ಉಂಟು?"

"ಸಾಬೂನಿನ ಜಾಹೀರಾತು."

"ಅದು ಯಾವಾಗ್ಲೂ ಅಲ್ಲಿಂದಲೇ ಶುರುವಾಗುದು. ನಮ್ಮ ಚಾನೆಲಿನ ನಂಬ್ರ..."

"ನನಗೆ ಗೊತ್ತುಂಟು" ಎಂದು ಒತ್ತಿದೆ. ಬಂತು.

"ಈಗ ಕಂಪ್ಯೂಟರು. ನೀಲಿ ದೀಪ ಬರುವವರೆಗೆ ಸುಮ್ಮನೆ ನಿಲ್ಲಿ."

ನಿಂತೆ. ಅದು ಏಳಲಿಕ್ಕೆ ತೆಗೆದುಕೊಂಡಷ್ಟು ಹೊತ್ತು ನನ್ನ ಮಗ ಶಾಲೆಗೆ ಹೋಗುವ ಕಾಲದಲ್ಲೂ ತೆಗೆದುಕೊಂಡಿರಲಿಲ್ಲ. ನೀಲಿ ದೀಪ ಬಂತು. ಸೊಸೆ ಅಲ್ಲಿಂದ ತನ್ನ ಫೋನಿನಲ್ಲಿ ಏನೋ ಒತ್ತಿದಳು. ಆಮೇಲೆ ಫೋನಿನಲ್ಲಿ ಚೆಂಡೆಯ ಪೆಟ್ಟು ಕೇಳಿತು, ನನ್ನ ಟಿವಿಯಲ್ಲಿ ಆಗಲೇ ಬಿದ್ದು ಮುಗಿದದ್ದು. ಕಂಪ್ಯೂಟರಿಗೆ ಕೈಮುಗಿಯುವವಳು ನಾನಲ್ಲ. ಆದರೂ ಅದರ ತಲೆಯ ಮೇಲಿದ್ದ ಧೂಳನ್ನು ಸೆರಗಿನಲ್ಲಿ ಒರೆಸಿದೆ.

ಆ ಹೊತ್ತಿಗೆ ರಾಜನ ತಲೆ ತಗ್ಗಿತ್ತು. ಜೋರಾಗಿದ್ದ ಟೀಚರು ಮೆಲ್ಲ ಮೆಲ್ಲ ಮಾತಾಡುತ್ತಿದ್ದರು. ನಡುವೆ ಏನಾಯಿತು, ರಾಣಿ ಯಾವ ಮಾತು ಹೇಳಿ ಅವನನ್ನು ಹಾಗೆ ಕೂರಿಸಿದಳು ಎಂದು ನಮಗೆ ಮೂವರಿಗೂ ಗೊತ್ತಿಲ್ಲ. ರೆಕಾರ್ಡೂ ಇಲ್ಲ; ಸೊಸೆ ಒಂದು ಪ್ರತಿ ಇರಲಿ ಎಂದು ಹಾಕಿಟ್ಟಿದ್ದಳಂತೆ, ನಾನು ಕಿತ್ತಾಗ ಅದೂ ಕಡಿದು ಹೋಯಿತು. ನಮ್ಮವಳು ಕೊನೆಗೆ ಒಂದು ಐದು ನಿಮಿಷ ಮಾತಾಡಿದಳು. ಅದನ್ನು ಅಕ್ಕ ಪೂರಾ ಕೇಳಿದಳು. ಜನ ಚಪ್ಪಾಳೆ ತಟ್ಟಿದರು. ಅಕ್ಕ ತಟ್ಟಲಿಲ್ಲವಂತೆ, ವಾಕರನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು ಎಂದು ಸೊಸೆ ಹೇಳಿದಳು.

ಸೊಸೆ ನಮ್ಮ ಮನೆಗೆ ಬಂದು ಹನ್ನೊಂದು ವರ್ಷ. ಅತ್ತೆ ಸೊಸೆಗೆ ಉಪಕಾರವಾಯಿತು ಎಂದು ಹೇಳುವ ಕ್ರಮ ನಮ್ಮಲ್ಲಿ ಇಲ್ಲ. ಹೇಳಿದರೆ ಅವಳೇ ಹೆದರಿ, ಜ್ವರ ಬಂತಾ ಮಾಮಿ ಎಂದು ಕೇಳಿಯಾಳು. ಬರೆದರೆ ಆಗುತ್ತದೆ ಎಂದು ಬರೆದಿದ್ದೇನೆ. ಅವಳಿಗೆ ಸಂಬಂಧವೇ ಇಲ್ಲದ ಒಬ್ಬ ಮುದುಕಿಯ ಹಟಕ್ಕೆ ಅವಳು ಒಂದು ತಿಂಗಳು ಮಂಡೆ ಖರ್ಚು ಮಾಡಿದಳು. ನಾನು ಕೆಡಿಸಿದ್ದಕ್ಕೆ ಒಂದು ಮಾತು ಎತ್ತಿ ಆಡಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಆಡುತ್ತಿದ್ದೆ.

ಸಂಜೆ ಆರಕ್ಕೆ ಅಕ್ಕನ ಮಗಳು ಮನೆಗೆ ಬಂದಳು. ಸೊಸೆ ಕಡ್ಡಿಯನ್ನು ಬ್ಯಾಗಿಗೆ ಹಾಕಿ, ಟಿವಿಯಲ್ಲಿ ಏನೋ ವಾರ್ತೆ ಇಟ್ಟು, ಹೊರಡಲು ತಯಾರಾಗಿದ್ದಳು. ಅಕ್ಕ ಆ ಕಡೆ ಮಗ್ಗುಲಾಗಿ ನಿದ್ದೆ ಬಂದವಳ ಹಾಗೆ ಮಲಗಿದ್ದಳು. ಹಾಗೇ ಇರಬೇಕೆಂದು ಅವಳೇ ಮಾಡಿದ ಏರ್ಪಾಡು. ಎರಡು ನಿಮಿಷವೂ ತಡೆಯಲಿಲ್ಲ.

"ಆ ಟೀಚರು ಹಾಗೆ ತಲೆ ತಗ್ಗಿಸ್ಲಿಕ್ಕೆ ನೀನು ನಡುವೆ ಎಂತ ಹೇಳಿದ್ದು?" ಎಂದು ಗೋಡೆಯ ಕಡೆ ತಿರುಗಿಕೊಂಡೇ ಕೇಳಿದಳು.

ಮಗಳು ಚಪ್ಪಲಿ ಬಿಚ್ಚುತ್ತಿದ್ದವಳು ಒಂದು ಚಪ್ಪಲಿಯಲ್ಲೇ ನಿಂತಳಂತೆ.

"ಅಮ್ಮ, ನಿನಗೆ ಹೇಗೆ ಗೊತ್ತು?"

"ಹೇಗೋ ಗೊತ್ತು. ಮೊದಲಿನದ್ದು ನೋಡಿದೆ, ಕಡೆಯದ್ದು ನೋಡಿದೆ. ನಡುವಿನದ್ದು ನಿನ್ನ ಚಿಕ್ಕಮ್ಮ ಗುಡುಗಿಗೆ ಹೆದರಿ ಕಿತ್ತು ಹಾಕಿದ್ಳು. ಅವಳಿಗೆ ಮತ್ತೆ ಬೈತೇನೆ. ನೀನು ಹೇಳು ಈಗ."

ಸೊಸೆ ಮೆಲ್ಲ ನನಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಟಿವಿಯ ಪಕ್ಕದಲ್ಲಿ ಇಟ್ಟಳು. ನಾನು ಇಲ್ಲಿ ಬೀಡಿಯ ಗೆರಸೆ ಬದಿಗಿಟ್ಟು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಮಂಚ ಕಿರ್ ಎಂದಿತು. ಮಗಳು ಬದಿಯಲ್ಲಿ ಕೂತಿರಬೇಕು. ಆಮೇಲೆ ಶುರು ಮಾಡಿದಳು. ಚೆಂಡೆ ಇಲ್ಲ, ಭಾಗವತರಿಲ್ಲ, ಮೈಕಿಲ್ಲ. ಎರಡನೆಯ ಪ್ರಶ್ನೆಯಿಂದ. ಸ್ವರ ಫೋನಿನವರೆಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ.

"ಏ, ಜೋರಾಗಿ ಹೇಳು" ಎಂದಳು ಅಕ್ಕ. "ಟಿವಿಯಲ್ಲಿ ಹೀಗೆ ಕುಸುಕುಸು ಹೇಳ್ಲಿಲ್ಲ ನೀನು. ನಾನೇ ರಾಜ ಅಂತ ಮಾಡ್ಕೋ."